ಎಂಡೋಸ್ಕೋಪಿ ಎಂದರೆ ಭಯವೇಕೆ? ಪರೀಕ್ಷೆಗೆ ಮುಂಚೆ ಮತ್ತು ನಂತರ ತಿಳಿದಿರಬೇಕಾದ ವಿಷಯಗಳು

"ಡಾಕ್ಟರು ಎಂಡೋಸ್ಕೋಪಿ ಮಾಡಿಸಿ ಅಂದಿದ್ದಾರೆ" ಎಂದು ಮನೆಯಲ್ಲಿ ಹೇಳಿ ನೋಡಿ. ತಕ್ಷಣ ಸಲಹೆಗಳು ಶುರುವಾಗುತ್ತವೆ. "ಅಯ್ಯೋ, ಗಂಟಲೊಳಗೆ ಪೈಪ್ ಹಾಕ್ತಾರೆ, ಉಸಿರೇ ಕಟ್ಟುತ್ತೆ" ಎಂದು ಒಬ್ಬರು ಹೇಳಿದರೆ, "ಒಳಗಿಂದ ಚೂರು ಮಾಂಸ ತೆಗೆದರೆ ಕ್ಯಾನ್ಸರ್ ಹರಡುತ್ತೆ" ಎಂದು ಇನ್ನೊಬ್ಬರು. ಮೂರನೆಯವರು ಜೀರಿಗೆ ಕಷಾಯದ ಮೆಸೇಜೊಂದನ್ನು ಫಾರ್ವರ್ಡ್ ಮಾಡಿ "ಇದನ್ನು ಕುಡಿದರೆ ಎಂಡೋಸ್ಕೋಪಿಯೇ ಬೇಡ" ಎನ್ನುತ್ತಾರೆ. ಕೊನೆಗೆ ಆಗುವುದೇನು? ಡಾಕ್ಟರು ಬರೆದ ಚೀಟಿ ಕಪಾಟು ಸೇರುತ್ತದೆ, ಗ್ಯಾಸ್ ಮಾತ್ರೆ ಮುಂದುವರಿಯುತ್ತದೆ.

ಎಲ್ಲರ ಎದೆಯುರಿಯೂ ದೊಡ್ಡ ಕಾಯಿಲೆಯಲ್ಲ, ನಿಜ. ಆದರೆ ಕೆಲವರಲ್ಲಿ ಈ ಮುಂದೂಡಿಕೆ ದುಬಾರಿಯಾಗುತ್ತದೆ. ಹೊಟ್ಟೆಯ ಹುಣ್ಣು ರಕ್ತ ಸುರಿಸುವ ಹಂತಕ್ಕೆ ಹೋಗಬಹುದು. ಆರಂಭದಲ್ಲೇ ಸಿಗಬೇಕಿದ್ದ ಕ್ಯಾನ್ಸರ್ ತಡವಾಗಿ ಗೊತ್ತಾಗಬಹುದು. ಆದ್ದರಿಂದ ಈ ಪರೀಕ್ಷೆ ಏನು, ಯಾರಿಗೆ ಬೇಕು, ಹೇಗೆ ತಯಾರಾಗಬೇಕು, ಯಾವ ಮಾತು ಸುಳ್ಳು ಎಂಬುದನ್ನು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ಎಂಡೋಸ್ಕೋಪಿ ಎಂದರೇನು?

ಬಾಯಿಯ ಮೂಲಕ ತೆಳ್ಳಗಿನ, ಬಾಗುವ ಕೊಳವೆಯೊಂದನ್ನು ಇಳಿಸಿ ಒಳಗಿನ ಭಾಗವನ್ನು ಕಣ್ಣಾರೆ ನೋಡುವ ಪರೀಕ್ಷೆ ಇದು. ಕೊಳವೆಯ ತುದಿಯಲ್ಲಿ ಪುಟ್ಟ ಕ್ಯಾಮೆರಾ ಮತ್ತು ದೀಪ ಇರುತ್ತದೆ. ಚಿತ್ರ ಪಕ್ಕದ ಪರದೆಯ ಮೇಲೆ ಮೂಡುತ್ತದೆ. ದೊಡ್ಡವರಿಗೆ ಬಳಸುವ ಸಾಮಾನ್ಯ ಕೊಳವೆಯ ದಪ್ಪ ಸುಮಾರು 9ರಿಂದ 10 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ನಿಮ್ಮ ಕಿರುಬೆರಳಿಗಿಂತ ಸಣ್ಣದು. ನಾವು ದಿನವೂ ನುಂಗುವ ಮುದ್ದೆಯ ತುತ್ತು ಅದಕ್ಕಿಂತ ದಪ್ಪ ಇರುತ್ತದೆ.

ಈ ಪರೀಕ್ಷೆಯಲ್ಲಿ ಮೂರು ಭಾಗಗಳನ್ನು ನೋಡುತ್ತಾರೆ: ಅನ್ನನಾಳ, ಜಠರ ಮತ್ತು ಸಣ್ಣ ಕರುಳಿನ ಆರಂಭದ ಭಾಗವಾದ ಡುಯೋಡಿನಮ್. ಚೀಟಿಯಲ್ಲಿ ಇದನ್ನು ಯುಜಿಐ ಎಂಡೋಸ್ಕೋಪಿ, ಓಜಿಡಿ ಅಥವಾ ಗ್ಯಾಸ್ಟ್ರೋಸ್ಕೋಪಿ ಎಂದೂ ಬರೆದಿರಬಹುದು. ಎಲ್ಲವೂ ಒಂದೇ. ದೊಡ್ಡ ಕರುಳನ್ನು ಗುದದ್ವಾರದ ಮೂಲಕ ನೋಡುವ ಕೊಲನೋಸ್ಕೋಪಿ ಮಾತ್ರ ಬೇರೆ ಪರೀಕ್ಷೆ. ಅದರ ಹಿಂದಿನ ದಿನ ಬೇಧಿ ಔಷಧ ಕುಡಿಯಬೇಕಾಗುತ್ತದೆ, ಇದಕ್ಕೆ ಅದು ಬೇಕಿಲ್ಲ.

ಇದು ಆಪರೇಷನ್ ಅಲ್ಲ. ಎಲ್ಲೂ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಬರೀ ನೋಡುವುದಕ್ಕಾದರೆ ಸಾಮಾನ್ಯವಾಗಿ 5ರಿಂದ 10 ನಿಮಿಷ ಸಾಕು. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ.

ಬಾಗುವ ಕೊಳವೆ ಬರುವ ಮೊದಲು ಈ ಪರೀಕ್ಷೆ ನಿಜಕ್ಕೂ ಕಷ್ಟದ್ದಾಗಿತ್ತು. 1868ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್ಮೌಲ್ ಗಟ್ಟಿಯಾದ ನೇರ ಕೊಳವೆಯಿಂದ ಜಠರ ನೋಡಲು ಹೊರಟಾಗ, ಅದನ್ನು ನುಂಗಲು ಕತ್ತಿ ನುಂಗುವ ಕಲಾವಿದನೊಬ್ಬನ ನೆರವು ಪಡೆದರು. 1957ರಲ್ಲಿ ಬೇಸಿಲ್ ಹಿರ್ಶೊವಿಟ್ಜ್ ಗಾಜಿನ ಎಳೆಗಳಿಂದ ಮಾಡಿದ ಬಾಗುವ ಎಂಡೋಸ್ಕೋಪ್ ಅನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡು ನೋಡಿ, ಆಮೇಲೆ ರೋಗಿಗೆ ಬಳಸಿದರು. ಇವತ್ತಿನ ಕೊಳವೆ ಅದಕ್ಕಿಂತ ಎಷ್ಟೋ ಸುಧಾರಿಸಿದೆ. ಭಯ ಮಾತ್ರ ಹಳೆಯ ಕಾಲದ್ದೇ ಉಳಿದಿದೆ.

ಯಾರು ತಡ ಮಾಡಬಾರದು?

ಕೆಳಗಿನವುಗಳಲ್ಲಿ ಯಾವುದಾದರೂ ಇದ್ದರೆ ಮನೆಮದ್ದು, ಗ್ಯಾಸ್ ಮಾತ್ರೆ ಎಂದು ದಿನ ದೂಡಬೇಡಿ. ವೈದ್ಯರನ್ನು ಕಾಣಿ.

• ಅನ್ನ, ಚಪಾತಿ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡಂತೆ ಆಗುವುದು. ಮೊದಲು ಗಟ್ಟಿ ಆಹಾರ, ಆಮೇಲೆ ಗಂಜಿ, ನೀರು ಕೂಡ ಇಳಿಯದಿರುವುದು.
• ಕಾರಣವಿಲ್ಲದೆ ತೂಕ ಇಳಿಯುತ್ತಿರುವುದು.
• ರಕ್ತ ವಾಂತಿ, ಅಥವಾ ಕಾಫಿ ಪುಡಿಯಂತೆ ಕಾಣುವ ವಾಂತಿ.
• ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ.
• ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಇದೆ ಎಂದು ಬಂದು, ಕಾರಣ ಗೊತ್ತಾಗದಿರುವುದು.
• ನಿಲ್ಲದ ವಾಂತಿ.
• 55–60 ವಯಸ್ಸು ದಾಟಿದ ಮೇಲೆ ಹೊಸದಾಗಿ ಶುರುವಾದ ಅಜೀರ್ಣ, ಹೊಟ್ಟೆನೋವು.
• ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದ್ದು, ನಿಮಗೂ ತೊಂದರೆ ಇರುವುದು.

ರಕ್ತ ವಾಂತಿ ಅಥವಾ ಕಪ್ಪು ಮಲದ ಜೊತೆಗೆ ತಲೆಸುತ್ತು, ಬೆವರು ಬಂದರೆ ಅದು ತುರ್ತು ಸ್ಥಿತಿ. ಅಪಾಯಿಂಟ್‌ಮೆಂಟ್‌ಗೆ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಮಾತ್ರೆ ನುಂಗುವವರಲ್ಲೂ ಮಲ ಕಪ್ಪಾಗುತ್ತದೆ. ಹಾಗಿದ್ದರೆ ಆ ವಿಷಯ ವೈದ್ಯರಿಗೆ ಹೇಳಿ, ನೀವೇ ತೀರ್ಮಾನಕ್ಕೆ ಬರಬೇಡಿ.

ಇನ್ನು ಎರಡು ಅಭ್ಯಾಸಗಳ ಬಗ್ಗೆ ವೈದ್ಯರ ಹತ್ತಿರ ಮುಚ್ಚುಮರೆ ಬೇಡ. ಒಂದು, ಮಂಡಿನೋವು, ಸೊಂಟನೋವಿಗೆ ಮೆಡಿಕಲ್ ಸ್ಟೋರ್‌ನಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ. ಜಠರದ ಹುಣ್ಣಿಗೆ ಇವು ದೊಡ್ಡ ಕಾರಣ. ಇನ್ನೊಂದು, ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ. ತಂಬಾಕು ಸೇರಿಸದೆ ಹಾಕುವ ಎಲೆಅಡಿಕೆಯೂ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರ್‌ಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಅಡಿಕೆ ಹಾಕುವವರಿಗೆ ನುಂಗಲು ತೊಂದರೆ ಶುರುವಾದರೆ ಒಂದು ವಾರವೂ ಕಾಯಬಾರದು.

ಯಾರಿಗೆ ಅವಸರವಿಲ್ಲ?

ಮೇಲಿನ ಯಾವ ಲಕ್ಷಣವೂ ಇಲ್ಲದ, ಚಿಕ್ಕ ವಯಸ್ಸಿನವರಿಗೆ ಯಾವಾಗಲೋ ಬರುವ ಎದೆಯುರಿ, ಹುಳಿತೇಗಿಗೆಲ್ಲ ಎಂಡೋಸ್ಕೋಪಿ ಬೇಕಾಗುವುದಿಲ್ಲ. ವೈದ್ಯರು ಮೊದಲು ಕೆಲವು ವಾರ ಮಾತ್ರೆ ಕೊಟ್ಟು ನೋಡಬಹುದು, ಇಲ್ಲವೇ ಉಸಿರು ಅಥವಾ ಮಲದ ಪರೀಕ್ಷೆಯಿಂದ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಬಹುದು. "ಎಲ್ಲರೂ ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸಿ" ಎಂಬ ಮಾತಿಗೂ ಅರ್ಥವಿಲ್ಲ.

ಮುಖ್ಯ ಎಚ್ಚರಿಕೆ: ಎದೆ ಹಿಂಡಿದಂತೆ ನೋವು, ಬೆವರು, ಎಡಗೈಗೋ ದವಡೆಗೋ ಹರಡುವ ನೋವು ಬಂದರೆ "ಗ್ಯಾಸ್ ಇರಬೇಕು" ಎಂದು ಕೂರಬೇಡಿ. ಅಲ್ಲಿ ಮೊದಲು ಬೇಕಾದ್ದು ಇಸಿಜಿ, ಎಂಡೋಸ್ಕೋಪಿ ಅಲ್ಲ.

ಪರೀಕ್ಷೆಗೆ ಮುಂಚೆ: ಖಾಲಿ ಹೊಟ್ಟೆ ಎಂದರೆ ಎಷ್ಟು ಖಾಲಿ?

ಸಾಮಾನ್ಯ ನಿಯಮ: ಪರೀಕ್ಷೆಗೆ ಮುಂಚೆ 6ರಿಂದ 8 ಗಂಟೆ ಏನೂ ತಿನ್ನಬಾರದು. ಬರೀ ನೀರನ್ನು 2 ಗಂಟೆ ಮುಂಚಿನವರೆಗೆ ಕುಡಿಯಬಹುದು ಎಂದು ಅನೇಕ ಕಡೆ ಹೇಳುತ್ತಾರೆ, ಕೆಲವು ಆಸ್ಪತ್ರೆಗಳಲ್ಲಿ ರಾತ್ರಿಯಿಂದ ನೀರೂ ಬೇಡ ಎನ್ನುತ್ತಾರೆ. ನಿಮ್ಮ ಆಸ್ಪತ್ರೆ ಕೊಟ್ಟ ಸಮಯವನ್ನೇ ಪಾಲಿಸಿ.

ನಮ್ಮಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. "ಏನೂ ತಿಂದಿಲ್ಲ ಸಾರ್, ಒಂದು ಲೋಟ ಕಾಫಿ ಅಷ್ಟೇ" ಎನ್ನುವವರು ಬಹಳ. ಹಾಲು ಹಾಕಿದ ಕಾಫಿ, ಟೀ, ಮಜ್ಜಿಗೆ, ರಾಗಿ ಅಂಬಲಿ, ಗಂಜಿ ಇವೆಲ್ಲ ಆಹಾರವೇ. ಎಲೆಅಡಿಕೆ, ಗುಟ್ಕಾ, ಬೀಡಿ, ಸಿಗರೇಟು ಕೂಡ ಬೇಡ.

ಈ ನಿಯಮ ಯಾಕೆ? ಎರಡು ಕಾರಣ ಇವೆ. ಜಠರದಲ್ಲಿ ಆಹಾರ ಇದ್ದರೆ ಅದರ ಕೆಳಗಿರುವ ಹುಣ್ಣು ಕ್ಯಾಮೆರಾಕ್ಕೆ ಕಾಣುವುದಿಲ್ಲ, ಪರೀಕ್ಷೆ ವ್ಯರ್ಥವಾಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಪರೀಕ್ಷೆಯ ನಡುವೆ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಆದ್ದರಿಂದ ಮರೆತು ಏನಾದರೂ ತಿಂದಿದ್ದರೆ ಬೈಯುತ್ತಾರೆಂದು ಮುಚ್ಚಿಡಬೇಡಿ. ಪರೀಕ್ಷೆ ಮುಂದೂಡಿದರೆ ಒಂದು ದಿನ ಹೋಗುತ್ತದೆ, ಅಷ್ಟೇ.

ಯಾವ ಮಾತ್ರೆಗಳ ಬಗ್ಗೆ ಹೇಳಬೇಕು?

ಚೀಟಿ ಸಿಕ್ಕ ದಿನವೇ ಈ ವಿಷಯಗಳನ್ನು ಕೇಳಿಕೊಳ್ಳಿ. ಪರೀಕ್ಷೆಯ ದಿನ ಬೆಳಿಗ್ಗೆ ಕೇಳಿದರೆ ತಡವಾಗಿರುತ್ತದೆ.

• ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು: ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಇತ್ಯಾದಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆದವರು ಇವನ್ನು ತೆಗೆದುಕೊಳ್ಳುತ್ತಿರುತ್ತಾರೆ. ಯಾರೋ ಹೇಳಿದರೆಂದು ನೀವೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಬರೀ ನೋಡುವ ಪರೀಕ್ಷೆಗೆ ಅನೇಕ ಸಲ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ.
• ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್: ಖಾಲಿ ಹೊಟ್ಟೆಯಲ್ಲಿ ಎಂದಿನ ಡೋಸ್ ತೆಗೆದುಕೊಂಡರೆ ಸಕ್ಕರೆ ವಿಪರೀತ ಇಳಿಯಬಹುದು. ಎಷ್ಟು, ಯಾವಾಗ ಎಂದು ಕೇಳಿ. ಬೆಳಗಿನ ಮೊದಲ ಸರದಿ ಕೊಡಿ ಎಂದು ಕೋರಿಕೊಳ್ಳಿ.
• ತೂಕ ಇಳಿಸಲು ಅಥವಾ ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುವ ಸೆಮಾಗ್ಲುಟೈಡ್‌ನಂಥ ಔಷಧ: ಇದರಿಂದ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಎಂಟು ಗಂಟೆ ಉಪವಾಸವಿದ್ದರೂ ಆಹಾರ ಉಳಿದಿರಬಹುದು. ತಪ್ಪದೆ ಹೇಳಿ.
• ಬಿಪಿ ಮಾತ್ರೆ: ಸಾಮಾನ್ಯವಾಗಿ ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಲು ಹೇಳುತ್ತಾರೆ. ಆದರೂ ಕೇಳಿ.
• ಗ್ಯಾಸ್ ಮಾತ್ರೆ ಎಂದು ಕರೆಯುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್: ಎಚ್. ಪೈಲೋರಿ ಪರೀಕ್ಷೆ ಮಾಡುವುದಿದ್ದರೆ ಇವು ಫಲಿತಾಂಶವನ್ನು ಮರೆಮಾಡಬಹುದು. ಸುಮಾರು ಎರಡು ವಾರ ನಿಲ್ಲಿಸಲು ವೈದ್ಯರು ಹೇಳಬಹುದು. ರಕ್ತಸ್ರಾವದ ಹುಣ್ಣು ಇದ್ದವರು ಕೇಳದೆ ನಿಲ್ಲಿಸಬಾರದು.

ಜೊತೆಗೆ ಔಷಧದ ಅಲರ್ಜಿ, ಗರ್ಭಿಣಿಯಾಗಿರುವುದು, ಉಬ್ಬಸ, ಹೃದಯದ ತೊಂದರೆ, ಜೋರಾಗಿ ಗೊರಕೆ ಹೊಡೆದು ನಿದ್ದೆಯಲ್ಲಿ ಉಸಿರು ನಿಲ್ಲುವ ಸಮಸ್ಯೆ, ಅಲುಗಾಡುವ ಹಲ್ಲು ಇವನ್ನೂ ತಿಳಿಸಿ. ಹಲ್ಲು ಸೆಟ್ ಇದ್ದರೆ ತೆಗೆದಿಡಬೇಕಾಗುತ್ತದೆ.

ಒಳಗೆ ಏನು ನಡೆಯುತ್ತದೆ?

ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ಓದಿ, ಅರ್ಥವಾಗದ್ದನ್ನು ಕೇಳಿ, ಆಮೇಲೆ ಸಹಿ ಹಾಕಿ. ಬಳಿಕ ಗಂಟಲಿಗೆ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧ ಸ್ಪ್ರೇ ಮಾಡುತ್ತಾರೆ. ಕಹಿಯಾಗಿರುತ್ತದೆ. ಗಂಟಲು ಊದಿಕೊಂಡಂತೆ, ಉಗುಳು ನುಂಗಲು ಆಗದಂತೆ ಅನಿಸುತ್ತದೆ. ಅದು ಔಷಧ ಕೆಲಸ ಮಾಡುತ್ತಿರುವ ಗುರುತು, ಗಂಟಲು ನಿಜವಾಗಿ ಊದಿರುವುದಿಲ್ಲ.

ಎಡ ಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್‌ನ ಬಾಯಿ ಕಾಪು ಇಡುತ್ತಾರೆ. ಕೊಳವೆ ಗಂಟಲು ದಾಟುವ ಕೆಲವು ಸೆಕೆಂಡು ವಾಕರಿಕೆ ಬರುತ್ತದೆ. ಪರೀಕ್ಷೆಯ ಕಷ್ಟದ ಗಳಿಗೆ ಅದೇ. ನುಂಗಿ ಎಂದಾಗ ನುಂಗಿ. ಆಮೇಲೆ ನಿಧಾನವಾಗಿ ಮೂಗಿನಿಂದ ಉಸಿರಾಡುತ್ತಾ ಇರಿ. ಜೊಲ್ಲು ಸುರಿದರೆ ನುಂಗಲು ಹೋಗಬೇಡಿ, ಸುರಿಯಲು ಬಿಡಿ. ಜಠರದ ಮಡಿಕೆಗಳು ಬಿಡಿಸಿಕೊಳ್ಳಲಿ ಎಂದು ಗಾಳಿ ತುಂಬುತ್ತಾರೆ, ಹೊಟ್ಟೆ ಉಬ್ಬರಿಸಿ ತೇಗು ಬರುತ್ತದೆ. ನಾಚಿಕೆ ಬೇಡ, ಎಲ್ಲರಿಗೂ ಹಾಗೇ ಆಗುತ್ತದೆ. ಕೊಳವೆಯನ್ನು ಕೈಯಿಂದ ಎಳೆಯುವುದು ಮಾತ್ರ ಬೇಡ.

ಸ್ಪ್ರೇ ಸಾಕೇ, ಮಂಪರು ಬೇಕೇ?

ಎರಡೂ ಸರಿಯಾದ ವಿಧಾನಗಳೇ. ಸ್ಪ್ರೇ ಮಾತ್ರ ಆದರೆ ಎಚ್ಚರವಾಗಿರುತ್ತೀರಿ, ಸ್ವಲ್ಪ ಹಿಂಸೆ ಅನಿಸುತ್ತದೆ, ಆದರೆ ಬೇಗ ಮನೆಗೆ ಹೋಗಬಹುದು, ಖರ್ಚೂ ಕಡಿಮೆ. ಮಂಪರು ಇಂಜೆಕ್ಷನ್ ಆದರೆ ಹೆಚ್ಚಿನವರಿಗೆ ಏನೂ ನೆನಪಿರುವುದಿಲ್ಲ. ಆದರೆ ಜೊತೆಗೆ ಯಾರಾದರೂ ಬರಲೇಬೇಕು. ಮುಂದಿನ 24 ಗಂಟೆ ಬೈಕ್, ಕಾರು, ಟ್ರ್ಯಾಕ್ಟರ್ ಓಡಿಸಬಾರದು, ಮದ್ಯ ಕುಡಿಯಬಾರದು, ಆಸ್ತಿ ಪತ್ರ, ಬ್ಯಾಂಕ್ ಪತ್ರಗಳಿಗೆ ಸಹಿ ಹಾಕಬಾರದು. ಎಚ್ಚರವಾಗಿದ್ದೇನೆ ಅನಿಸಿದರೂ ತೀರ್ಮಾನ ಮಾಡುವ ಶಕ್ತಿ ಪೂರ್ತಿ ಮರಳಿರುವುದಿಲ್ಲ. ಖರ್ಚು ಕೇಳುವಾಗ ಮಂಪರು ಮತ್ತು ಬಯಾಪ್ಸಿಯ ಬಿಲ್ ಸೇರಿದೆಯೇ ಎಂದು ಮೊದಲೇ ವಿಚಾರಿಸಿ.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಎಂಡೋಸ್ಕೋಪಿ ವೇಳೆ ಉಸಿರು ಕಟ್ಟುತ್ತದೆ.
ವಾಸ್ತವ: ಕೊಳವೆ ಹೋಗುವುದು ಅನ್ನನಾಳಕ್ಕೆ, ಗಾಳಿ ಹೋಗುವ ಶ್ವಾಸನಾಳಕ್ಕಲ್ಲ. ದಾರಿ ಬೇರೆ ಬೇರೆ. ಗಂಟಲು ಮರಗಟ್ಟಿರುವುದರಿಂದ ಹಾಗೆ ಅನಿಸುತ್ತದೆ. ಮಂಪರು ಕೊಟ್ಟಾಗ ಬೆರಳಿಗೆ ಸಾಧನ ಹಾಕಿ ರಕ್ತದ ಆಮ್ಲಜನಕವನ್ನು ಗಮನಿಸುತ್ತಲೇ ಇರುತ್ತಾರೆ.

ನಂಬಿಕೆ: ಬಯಾಪ್ಸಿ ತೆಗೆದರು ಎಂದರೆ ಕ್ಯಾನ್ಸರ್ ಇದೆ ಎಂದರ್ಥ.
ವಾಸ್ತವ: ಒಳಪದರದಿಂದ ಅಕ್ಕಿ ಕಾಳಿಗಿಂತ ಸಣ್ಣ ಚೂರು ತೆಗೆಯುವುದು ಎಚ್. ಪೈಲೋರಿ ಪತ್ತೆಗೆ, ಗೋಧಿಯಲ್ಲಿರುವ ಗ್ಲೂಟನ್‌ನಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆಯ ಪತ್ತೆಗೆ, ಹೀಗೆ ಹಲವು ಕಾರಣಗಳಿಗೆ. ಚೂರು ತೆಗೆದದ್ದು ನೋಯುವುದಿಲ್ಲ. ಹುಣ್ಣಿಗೆ ಒತ್ತಡ, ಖಾರವೇ ಕಾರಣ ಎಂದು ದಶಕಗಳ ಕಾಲ ನಂಬಲಾಗಿತ್ತು. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇಂಥ ಚೂರುಗಳಲ್ಲೇ ಆ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು, ಎಂಡೋಸ್ಕೋಪಿ ಮಾಡಿಸಿಕೊಂಡು, ಜಠರ ಉರಿಯೂತಗೊಂಡಿದ್ದನ್ನು ತೋರಿಸಿದರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಇವತ್ತು ಅದೆಷ್ಟೋ ಹುಣ್ಣುಗಳು ಎರಡು ವಾರದ ಆ್ಯಂಟಿಬಯಾಟಿಕ್ ಕೋರ್ಸ್‌ನಿಂದ ವಾಸಿಯಾಗುತ್ತಿರುವುದು ಈ ಪುಟ್ಟ ಚೂರಿನ ದೆಸೆಯಿಂದ.

ನಂಬಿಕೆ: ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ.
ವಾಸ್ತವ: ಅನ್ನನಾಳ, ಜಠರದ ಒಳಪದರದ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪರೀಕ್ಷೆ ತಡ ಮಾಡಿದಾಗ ಕ್ಯಾನ್ಸರ್ ತನ್ನಷ್ಟಕ್ಕೆ ತಾನೇ ಬೆಳೆಯುತ್ತದೆ. ಬಯಾಪ್ಸಿ ಇಲ್ಲದೆ ಯಾವ ಚಿಕಿತ್ಸೆ ಎಂದು ತೀರ್ಮಾನಿಸಲಾಗುವುದಿಲ್ಲ.

ನಂಬಿಕೆ: ಹೊಟ್ಟೆಯ ಸ್ಕ್ಯಾನ್ ಮಾಡಿಸಿದರೆ ಸಾಕು.
ವಾಸ್ತವ: ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ಪಿತ್ತಕೋಶದ ಕಲ್ಲು, ಯಕೃತ್ತು, ಮೂತ್ರಪಿಂಡ ಚೆನ್ನಾಗಿ ಕಾಣುತ್ತವೆ. ಜಠರದ ಒಳಪದರದ ಹುಣ್ಣನ್ನು ಅದು ತೋರಿಸುವುದಿಲ್ಲ. "ಸ್ಕ್ಯಾನ್ ನಾರ್ಮಲ್" ಎಂದರೆ "ಅಲ್ಸರ್ ಇಲ್ಲ" ಎಂದಲ್ಲ.

ನಂಬಿಕೆ: ಒಬ್ಬರಿಗೆ ಬಳಸಿದ ಕೊಳವೆಯಿಂದ ಇನ್ನೊಬ್ಬರಿಗೆ ಕಾಯಿಲೆ ಬರುತ್ತದೆ.
ವಾಸ್ತವ: ಪ್ರತಿ ರೋಗಿಯ ನಂತರ ಕೊಳವೆಯನ್ನು ಬ್ರಷ್‌ನಿಂದ ತೊಳೆದು, ಪ್ರಬಲ ಸೋಂಕುನಿವಾರಕದಲ್ಲಿ ಶುದ್ಧಗೊಳಿಸಬೇಕು ಎಂಬುದು ನಿಯಮ. ಸರಿಯಾಗಿ ಮಾಡಿದರೆ ಸೋಂಕು ತೀರಾ ಅಪರೂಪ. ಹೇಗೆ ಶುದ್ಧ ಮಾಡುತ್ತೀರಿ ಎಂದು ಕೇಳುವ ಹಕ್ಕು ನಿಮಗಿದೆ.

ಅಪಾಯವೇ ಇಲ್ಲವೇ?

ಇಲ್ಲ ಎಂದು ಹೇಳುವುದು ಸರಿಯಲ್ಲ. ಒಂದೆರಡು ದಿನ ಗಂಟಲು ಕೆರೆತ, ಹೊಟ್ಟೆ ಉಬ್ಬರ ಸಾಮಾನ್ಯ. ಮಂಪರು ಔಷಧದಿಂದ ಉಸಿರಾಟ ನಿಧಾನವಾಗುವುದು, ಬಯಾಪ್ಸಿ ಜಾಗದಲ್ಲಿ ರಕ್ತಸ್ರಾವ, ಅನ್ನನಾಳ ಅಥವಾ ಜಠರದಲ್ಲಿ ರಂಧ್ರವಾಗುವುದು ಇವು ಗಂಭೀರ ತೊಂದರೆಗಳು. ಬರೀ ನೋಡುವ ಪರೀಕ್ಷೆಯಲ್ಲಿ ರಂಧ್ರವಾಗುವುದು ಸಾವಿರಾರು ಪರೀಕ್ಷೆಗಳಿಗೆ ಒಂದರಂತೆ ನಡೆಯುವ ಅಪರೂಪದ ಸಂಗತಿ. ಅನ್ನನಾಳ ಹಿಗ್ಗಿಸುವುದು, ಗಂಟು ತೆಗೆಯುವುದು ಮುಂತಾದ ಚಿಕಿತ್ಸೆ ಸೇರಿದಾಗ ಅಪಾಯ ಸ್ವಲ್ಪ ಹೆಚ್ಚು.

ಮನೆಗೆ ಬಂದ ಮೇಲೆ

ಗಂಟಲಿನ ಮರಗಟ್ಟುವಿಕೆ ಪೂರ್ತಿ ಹೋಗುವವರೆಗೆ, ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ, ನೀರೂ ಕುಡಿಯಬೇಡಿ. ಮೊದಲು ಒಂದು ಗುಟುಕು ನೀರು ಕುಡಿದು ನೋಡಿ. ಸರಾಗವಾಗಿ ಇಳಿದರೆ ಇಡ್ಲಿ, ಮೊಸರನ್ನದಂಥ ಮೆತ್ತಗಿನ ಆಹಾರ ತಿನ್ನಿ. ಬಿಸಿಬಿಸಿ ಕಾಫಿಗೆ ಸ್ವಲ್ಪ ತಾಳ್ಮೆ ಇರಲಿ, ಮರಗಟ್ಟಿದ ಗಂಟಲು ಸುಟ್ಟರೂ ಗೊತ್ತಾಗುವುದಿಲ್ಲ.

ಹೆಚ್ಚುತ್ತಾ ಹೋಗುವ ಎದೆನೋವು, ಕುತ್ತಿಗೆ ನೋವು ಅಥವಾ ಹೊಟ್ಟೆನೋವು, ಜ್ವರ, ಉಸಿರಾಟದ ತೊಂದರೆ, ನುಂಗಲಾಗದಿರುವುದು, ರಕ್ತ ವಾಂತಿ, ಕಪ್ಪು ಮಲ ಕಂಡರೆ "ನಾಳೆ ನೋಡೋಣ" ಬೇಡ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ರಿಪೋರ್ಟ್ ನೋಡಿ ಗಾಬರಿಯಾಗಬೇಡಿ

ರಿಪೋರ್ಟ್ ಕೈಗೆ ಬಂದೊಡನೆ ಗೂಗಲ್ ಮಾಡಿ ಹೆದರುವವರೇ ಹೆಚ್ಚು. ಕೆಲವು ಪದಗಳ ಅರ್ಥ ತಿಳಿದಿರಲಿ.

• ಎರಿಥಿಮಾ: ಒಳಪದರ ಕೆಂಪಾಗಿದೆ.
• ಆಂಟ್ರಲ್ ಗ್ಯಾಸ್ಟ್ರೈಟಿಸ್: ಜಠರದ ಕೆಳಭಾಗದಲ್ಲಿ ಉರಿಯೂತ.
• ಹಯಾಟಸ್ ಹರ್ನಿಯಾ: ಜಠರದ ಮೇಲ್ಭಾಗ ಸ್ವಲ್ಪ ಎದೆಯ ಕಡೆಗೆ ಸರಿದಿದೆ. ಅನೇಕರಲ್ಲಿ ಇರುತ್ತದೆ.
• ಎಲ್‌ಎ ಗ್ರೇಡ್ ಎ, ಬಿ, ಸಿ, ಡಿ: ಆಮ್ಲದಿಂದ ಅನ್ನನಾಳಕ್ಕೆ ಆದ ಗಾಯದ ಪ್ರಮಾಣ. ಎ ಕಡಿಮೆ, ಡಿ ಹೆಚ್ಚು. ಇದು ಕ್ಯಾನ್ಸರ್‌ನ ಹಂತ ಅಲ್ಲವೇ ಅಲ್ಲ.
• ಆರ್‌ಯುಟಿ ಪಾಸಿಟಿವ್: ಎಚ್. ಪೈಲೋರಿ ಇದೆ. ಮಾತ್ರೆಯ ಕೋರ್ಸ್ ನಡುವೆ ನಿಲ್ಲಿಸದೆ ಪೂರ್ತಿ ಮುಗಿಸಬೇಕು.
• ಡಿ2: ಡುಯೋಡಿನಮ್‌ನ ಎರಡನೇ ಭಾಗ. "ಡಿ2 ವರೆಗೆ ನಾರ್ಮಲ್" ಎಂದರೆ ಅಲ್ಲಿಯವರೆಗೆ ನೋಡಿದ್ದಾರೆ, ತೊಂದರೆ ಕಂಡಿಲ್ಲ.

ಬಯಾಪ್ಸಿ ತೆಗೆದಿದ್ದರೆ ಅದರ ವರದಿ ಕೆಲವು ದಿನ ಬಿಟ್ಟು ಬರುತ್ತದೆ. ಹೊಟ್ಟೆನೋವು ಕಡಿಮೆಯಾಯಿತೆಂದು ಅದನ್ನು ತರಲು ಮರೆಯಬೇಡಿ. ಎಂಡೋಸ್ಕೋಪಿಯ ಅರ್ಧ ಉತ್ತರ ಆ ಕಾಗದದಲ್ಲಿ ಇರುತ್ತದೆ.

ಕೊನೆಯ ಮಾತು

ಎಂಡೋಸ್ಕೋಪಿ ಎಲ್ಲರಿಗೂ ಬೇಕಿಲ್ಲ. ಬೇಕಾದವರಿಗೆ ಅದರ ಬದಲು ಕಷಾಯ ಸಾಲದು. ಹತ್ತು ನಿಮಿಷದ ಹಿಂಸೆಗೆ ಹೆದರಿ ತಿಂಗಳುಗಟ್ಟಲೆ ಕಾಯುವುದು ಲಾಭದ ವ್ಯವಹಾರವಲ್ಲ. ನಿಮ್ಮ ಮನೆಯಲ್ಲಿ ಊಟ ಇಳಿಯುತ್ತಿಲ್ಲ ಎನ್ನುವ ಅಜ್ಜನೋ, ತೂಕ ಇಳಿಯುತ್ತಿರುವ ಅಮ್ಮನೋ ಇದ್ದರೆ ಈ ಲೇಖನ ಫಾರ್ವರ್ಡ್ ಮಾಡಿ ಸುಮ್ಮನಾಗಬೇಡಿ. ಅವರ ಜೊತೆ ಆಸ್ಪತ್ರೆಗೆ ಹೋಗಿ, ಹೊರಗೆ ಬೆಂಚಿನ ಮೇಲೆ ಕೂತಿರಿ. ಹೆದರಿದವರಿಗೆ ಅದೇ ದೊಡ್ಡ ಧೈರ್ಯ.

ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದ ಲೇಖನ. ನಿಮ್ಮ ಔಷಧ, ಉಪವಾಸದ ಸಮಯದ ಬಗ್ಗೆ ನಿಮ್ಮನ್ನು ಪರೀಕ್ಷಿಸಿದ ವೈದ್ಯರು ಹೇಳಿದ್ದೇ ಅಂತಿಮ.